ಹೊಟ್ಟೆಗೆ ತುಂಬಿಸಿದ ನೀರು ತೂಕ ಅಲ್ಲ ಕಣ್ರಣ್ಣ



ಈ ಸಲದ ಬರಹ ಸ್ವಲ್ಪ ಖಾರ ಇದೆ. ಓದಿ ಬೈಯೋರು ಬೈಯಿರಿ, ಆದ್ರೆ ಪೂರ್ತಿ ಓದಿ ಬೈಯಿರಿ. ವಿಷಯ ಬಕ್ರೀದ್ ಟಗರುದು. 2023ರಲ್ಲಿ ಹಬ್ಬ ಜೂನ್ 29ಕ್ಕೆ ಬಂತು, 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರೀತಾ ಬರುತ್ತೆ. 2026ಕ್ಕೆ ಮೇ ಕೊನೆ ವಾರ. ಅಂದ್ರೆ ಇವತ್ತಿಗೆ ಹೆಚ್ಚುಕಮ್ಮಿ ನಾಲ್ಕು ತಿಂಗಳು, 120 ದಿನ ಇದೆ. ಈ 120 ದಿನದಲ್ಲಿ ಮಾಡಬೇಕಾದ ಕೆಲಸನ ಕೊನೇ ಎಂಟು ದಿನದಲ್ಲಿ ಮಾಡೋಕೆ ಹೋಗಿ ನಮ್ಮ ಕಡೆ ಪ್ರತಿ ವರ್ಷ ಎಷ್ಟು ಟಗರು ಸಾಯ್ತಾವೆ ಅನ್ನೋದು ನಿಮ್ಮ ನಿಮ್ಮ ಬೀದಿಲೇ ಲೆಕ್ಕ ಹಾಕಿ. ನಾನು ಹೇಳೋದು ಬೇಡ.

ಕೊನೇ ವಾರ ಏನೇನು ನಡೆಯುತ್ತೆ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ಒಬ್ರು ಅಕ್ಕಿ ನೆನೆಸಿ ತಿನ್ನಿಸ್ತಾರೆ. ಇನ್ನೊಬ್ರು ಅನ್ನ, ರಾಗಿ ಅಂಬಲಿ, ಜೋಳದ ಹಿಟ್ಟಿನ ಉಂಡೆ. ಮತ್ತೊಬ್ರು ಬಿಯರ್ ಬಾಟ್ಲಿ. ಬಿಯರಿನಲ್ಲಿ ಬಹುಪಾಲು ನೀರೇ ಅಣ್ಣ, ಟಗರಿಗೆ ಅದರಿಂದ ಮೈ ಬರಲ್ಲ, ಬಾಟ್ಲಿ ಮಾರೋನಿಗೆ ಬರುತ್ತೆ. ಮೆಡಿಕಲ್ ಸ್ಟೋರಿಂದ ಕೇಳಿ ತಂದು ಸ್ಟಿರಾಯ್ಡ್ ಸೂಜಿ ಚುಚ್ಚೋರೂ ಇದಾರೆ. ಅದು ಮೈಯಲ್ಲಿ ನೀರು ಹಿಡಿಸುತ್ತೆ, ರೋಗ ತಡೆಯೋ ಶಕ್ತಿ ಇಳಿಸುತ್ತೆ. ಕೊನೇಗೆ ಮಾರೋ ದಿನ ಬೆಳಿಗ್ಗೆ ಉಪ್ಪು ನೆಕ್ಕಿಸಿ ಬಕೆಟ್‌ಗಟ್ಲೆ ನೀರು ಕುಡಿಸೋದು. ಕುಡಿಯಲ್ಲ ಅಂದ್ರೆ ಗೊಟ್ಟ ಹಾಕೋದು. ಗೊಟ್ಟದ ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋದ್ರೆ ಟಗರು ಕೆಮ್ಮಿ, ಮೂಗು ಸುರಿಸಿ, ಎರಡು ದಿನಕ್ಕೆ ನೆಲ ಹಿಡಿಯುತ್ತೆ. ತಗೊಂಡೋನು ಆ ಹೊತ್ತಿಗೆ ಬೆಂಗಳೂರು ಸೇರಿರ್ತಾನೆ. ಸತ್ತಿದ್ದು ನಮಗೆ ಕಾಣಲ್ಲ, ಅದಕ್ಕೇ ಪಾಪ ಅನ್ನಿಸಲ್ಲ.

ಇದಕ್ಕೆ ಜಾಣತನ ಅಂತ ಹೆಸರಿಟ್ಟಿದೀವಿ. ನಾನು ಕೇಳೋದು ಒಂದೇ ಮಾತು. ಡೇರಿಲಿ ಹಾಲಿಗೆ ನೀರು ಬೆರೆಸಿ ತಂದೋನನ್ನ ನಾವೇ ಸಾಲಲ್ಲಿ ನಿಂತು ಬೈತೀವಿ ತಾನೆ? ಕಬ್ಬಿನ ಲೋಡು ತೂಕದಲ್ಲಿ ಮೋಸ ಆಗ್ತಿದೆ ಅಂತ ಹಸಿರು ಟವೆಲ್ ಹಾಕ್ಕೊಂಡು ರಸ್ತೆಲಿ ಕೂತೋರು ನಾವೇ ತಾನೆ? ಅಲ್ಲಿ ನಮ್ಮ ತೂಕ ಕಡಿಮೆ ತೋರ್ಸಿದ್ರೆ ಅನ್ಯಾಯ, ಇಲ್ಲಿ ನಾವು ಕುರಿ ಹೊಟ್ಟೆಗೆ ನೀರು ತುಂಬಿಸಿ ಜಾಸ್ತಿ ತೋರ್ಸಿದ್ರೆ ವ್ಯಾಪಾರ. ಹೆಂಗೆ?

ನ್ಯಾಯದ ಮಾತು ಬಿಡಿ, ಅದು ಕೆಲವರಿಗೆ ಹಿಡಿಸಲ್ಲ. ದುಡ್ಡಿನ ಲೆಕ್ಕಾನೇ ನೋಡೋಣ.

ಹತ್ತು ಟಗರು ಇದಾವೆ ಅಂತ ಇಟ್ಕೊಳಿ. ಜೀವಂತ ತೂಕ ಕೆ.ಜಿ.ಗೆ 450 ರೂಪಾಯಿ ಹಿಡಿಯಿರಿ, ನಿಮ್ಮ ಕಡೆ ರೇಟು ಬೇರೆ ಇದ್ರೆ ಅದನ್ನ ಹಾಕ್ಕೊಳಿ. ಒಂದೊಂದಕ್ಕೆ 3 ಕೆ.ಜಿ. ನೀರು ಅನ್ನ ತುಂಬಿಸಿ ಮಾರಿದ್ರಿ. ಒಂದಕ್ಕೆ 1350 ರೂಪಾಯಿ ಸಿಕ್ತು. ತುಂಬಿಸೋ ಗಲಾಟೆಲಿ ಹತ್ತರಲ್ಲಿ ಒಂದು ಹೊಟ್ಟೆ ಉಬ್ಬಿ ಹೋಯ್ತು. ಉಳಿದ 9ರಿಂದ ಸಿಕ್ಕಿದ ಜಾಸ್ತಿ ದುಡ್ಡು 12,150. ಹೋದ ಒಂದು ಟಗರು 34 ಕೆ.ಜಿ. ಇದ್ರೆ ಅದರ ಬೆಲೆ 15,300. ಮೋಸ ಪೂರ್ತಿ ಯಶಸ್ವಿ ಆದ್ರೂ ಮೂರು ಸಾವಿರದ ಮೇಲೆ ಕೈಬಿಟ್ಟು ಹೋಯ್ತು.

ಅದೂ ಪೂರ್ತಿ ಯಶಸ್ವಿ ಆದ್ರೆ. ಆಗಲ್ಲ. ಯಾಕಂದ್ರೆ ವ್ಯಾಪಾರಿ ನಮಗಿಂತ ಮೊದ್ಲೇ ಈ ಆಟ ನೋಡಿದಾನೆ. ಬಂದೋನೇ ಎಡಗಡೆ ಡೊಕ್ಕೆ ತಟ್ತಾನೆ, ಬೆನ್ನು ಒತ್ತಿ ನೋಡ್ತಾನೆ, ಬಾಲದ ಬುಡ ಹಿಡೀತಾನೆ. ‘ಹೊಟ್ಟೆ ಐತೆ, ಮೂರು ಕೆ.ಜಿ. ಕಳೀರಿ’ ಅಂತಾನೆ. ತುಂಬಿಸಿದೋನಿಗೂ ಮೂರು ಕಳೀತಾನೆ, ತುಂಬಿಸದೇ ಇರೋನಿಗೂ ಮೂರು ಕಳೀತಾನೆ. ನೀರು ಕುಡಿಸಿದೋನಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಕುಡಿಸದೇ ನೆಟ್ಟಗೆ ಸಾಕಿದೋನ ಜೇಬಿಂದ 1350 ಹೋಯ್ತು. ಈ ಬರಹ ಬರೀತಿರೋದು ಇದಕ್ಕೇ. ನಿಮ್ಮ ಜಾಣತನಕ್ಕೆ ದಂಡ ಕಟ್ತಿರೋನು ವ್ಯಾಪಾರಿ ಅಲ್ಲ, ಪಕ್ಕದ ಮನೆ ರೈತ.

‘ಎಲ್ಲರೂ ಮಾಡ್ತಾರೆ ಕಣಣ್ಣ, ನಾನೊಬ್ಬ ಮಾಡದಿದ್ರೆ ನಾನೇ ಕೆಡ್ತೀನಿ’ ಅಂತಾರೆ. ಮಾತು ಪೂರ್ತಿ ಸುಳ್ಳಲ್ಲ, ಈಗ ಹೇಳಿದ ಲೆಕ್ಕ ಅದನ್ನೇ ತೋರ್ಸುತ್ತೆ. ಅದಕ್ಕೇ ಒಬ್ಬೊಬ್ರೇ ಒಳ್ಳೇವ್ರಾಗಿ ಅಂತ ನಾನು ಉಪದೇಶ ಮಾಡ್ತಿಲ್ಲ. ದಾರಿ ಬೇರೆ ಇದೆ, ಕೊನೇಲಿ ಹೇಳ್ತೀನಿ. ಮೊದ್ಲು ನಿಜವಾದ ತೂಕ ಹೆಂಗೆ ಬರುತ್ತೆ ಅದನ್ನ ನೋಡೋಣ. ಅದು ಗೊತ್ತಿಲ್ಲದೆ ಇರೋದ್ರಿಂದಾನೇ ಕೊನೇ ವಾರ ಈ ಹುಚ್ಚು ಹಿಡಿಯೋದು.

ತೂಕ ಅನ್ನೋದು ಭಾಗಾಕಾರದ ಲೆಕ್ಕ. ಇವತ್ತಿನ ತೂಕ ಎಷ್ಟು, ಮಾರೋ ದಿನ ಎಷ್ಟು ಬೇಕು, ನಡುವೆ ಎಷ್ಟು ದಿನ ಇದೆ. ಇವತ್ತು 22 ಕೆ.ಜಿ. ಇದೆ, 34 ಬೇಕು ಅಂದ್ರೆ 12 ಕೆ.ಜಿ. ಏರಬೇಕು. 120 ದಿನಕ್ಕೆ ಭಾಗಿಸಿ, ದಿನಕ್ಕೆ 100 ಗ್ರಾಂ. ನಮ್ಮ ನಾಟಿ ಟಗರಿಗೆ ಇದು ಆಗೋ ಮಾತು. ಚೆನ್ನಾಗಿ ನೋಡ್ಕೊಂಡ್ರೆ, ಮೈಕಟ್ಟು ದೊಡ್ಡದಿದ್ರೆ 150ರವರೆಗೂ ಎಳೀಬಹುದು. ಈಗ ಸುಮ್ನಿದ್ದು ಏಪ್ರಿಲ್ ಕೊನೇಲಿ ಎದ್ದು ಕೂತ್ರೆ ಟಗರು 24 ಇರುತ್ತೆ, ಉಳಿದಿರೋದು 30 ದಿನ, ಬೇಕಾಗಿರೋದು 10 ಕೆ.ಜಿ. ದಿನಕ್ಕೆ 333 ಗ್ರಾಂ! ಯಾವ ಬನ್ನೂರು ಟಗರೂ ಅಷ್ಟು ಬೆಳೆಯಲ್ಲ. ಮೊಬೈಲ್‌ನಲ್ಲಿ ‘15 ದಿನಕ್ಕೆ 10 ಕೆ.ಜಿ.’ ಅಂತ ಡಬ್ಬ ತೋರ್ಸೋ ವಿಡಿಯೋಗಳಿಗೆ ಈ ಭಾಗಾಕಾರ ಹಾಕಿ ನೋಡಿ. ದಿನಕ್ಕೆ 667 ಗ್ರಾಂ ಬರುತ್ತೆ. ಡಬ್ಬ ಮಾರೋನಿಗೆ ನಾಚಿಕೆ ಇಲ್ಲ, ತಗೊಳೋ ನಮಗಾದ್ರೂ ಲೆಕ್ಕ ಬೇಡ್ವಾ?

ಇನ್ನೊಂದು ಮಾತು. ಗುರಿ ಇಡೋವಾಗ ಜಾತಿ ನೋಡಿ ಇಡಿ. ಬನ್ನೂರು ಕುರಿ ಗಿಡ್ಡ ಕಾಲಿಂದು, ಅಗಲ ಬೆನ್ನಿಂದು, ಹಿಂದಿನಿಂದ ನೋಡಿದ್ರೆ ತೊಡೆ ಎರಡೂ ತಲೆಕೆಳಗಾದ ಇಂಗ್ಲಿಷಿನ ಯು ಅಕ್ಷರದಂಗೆ ಕಾಣುತ್ತೆ. ಅದರ ಬೆಲೆ ಇರೋದು ಆ ಕಟ್ಟಿನಲ್ಲಿ, ಮಾಂಸದ ರುಚಿಯಲ್ಲಿ. ಚೆನ್ನಾಗಿ ಬೆಳೆದ ಟಗರು 35 ಕೆ.ಜಿ. ಆಸುಪಾಸು. ಅದನ್ನ 50 ಮಾಡ್ತೀನಿ ಅಂತ ಹೊರಟ್ರೆ ಕೊನೇ ಕೆ.ಜಿ.ಗಳೆಲ್ಲ ಬರೀ ಕೊಬ್ಬು. ಮಾಂಸಕ್ಕಿಂತ ಕೊಬ್ಬು ಕಟ್ಟೋಕೆ ತಿಂಡಿ ಜಾಸ್ತಿ ಬೇಕು. 50 ಕೆ.ಜಿ. ಟಗರೇ ಬೇಕು ಅನ್ನೋರು ಉತ್ತರ ಕರ್ನಾಟಕದ ಎತ್ತರದ ಜಾತಿ ಕಟ್ಟಲಿ, ಬನ್ನೂರಿಗೆ ಹಿಂಸೆ ಕೊಡೋದು ಬೇಡ.

ಸರಿ, ದಿನಕ್ಕೆ 100 ಗ್ರಾಂ ಹೆಂಗೆ ತರೋದು?

ಮೊದಲ ವಾರ ತಿಂಡಿ ಮಾತೇ ಇಲ್ಲ. ಸಂತೆಯಿಂದ ತಂದ ಮರಿ ಇದ್ರೆ ಬೇರೆ ಕಟ್ಟಿ. ಜಂತಿನ ಔಷಧಿ ತೂಕ ನೋಡಿ ಹಾಕಿಸಿ. ಕರುಳು ಬೇನೆ ಲಸಿಕೆ, ಪಿಪಿಆರ್ ಲಸಿಕೆ ಆಗಿದೆಯಾ ಅಂತ ಪಶು ಆಸ್ಪತ್ರೆಲಿ ಕೇಳಿ. ಕರುಳು ಬೇನೆ ಬರೋದೇ ಚೆನ್ನಾಗಿ ತಿಂದು ಮೈ ಬರ್ತಿರೋ ಮರಿಗೆ. ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತು ಬಿದ್ದಿರುತ್ತೆ. ಜನ ದೃಷ್ಟಿ ಆಯ್ತು ಅಂತಾರೆ, ಮೆಣಸಿನಕಾಯಿ ಇಳಿ ತೆಗೀತಾರೆ. ಇಳಿ ತೆಗೆಯೋದು ಬೇಡ ಅನ್ನಲ್ಲ, ಲಸಿಕೆನೂ ಹಾಕಿಸಿ.

ಎರಡನೇ ವಾರದಿಂದ ಕೈತಿಂಡಿ. 100 ಗ್ರಾಂನಿಂದ ಶುರು. ನಾಲ್ಕು ದಿನಕ್ಕೊಂದು ಸಲ 50 ಗ್ರಾಂ ಏರಿಸಿ. ಹದಿನಾರು ದಿನಕ್ಕೆ 300 ಗ್ರಾಂ ಮುಟ್ಟುತ್ತೆ. ಆಮೇಲೆ ಮೈ ಬಂದಂಗೆ ನಿಧಾನಕ್ಕೆ 450-500ಕ್ಕೆ ಹೋಗಿ, ಅದೂ ಬೆಳಿಗ್ಗೆ ಸಂಜೆ ಎರಡು ಪಾಲು. ಕುರಿ ಹೊಟ್ಟೆಲಿ ಮೇವು ಕರಗಿಸೋದು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು. ಹುಲ್ಲು ಕರಗಿಸೋವು ಬೇರೆ, ಕಾಳು ಕರಗಿಸೋವು ಬೇರೆ. ಹುಲ್ಲು ತಿಂದ್ಕೊಂಡಿದ್ದ ಹೊಟ್ಟೆಗೆ ಒಂದೇ ಸಲ ಅಕ್ಕಿ ಸುರಿದ್ರೆ ಅಲ್ಲಿ ಹುಳಿ ಜಾಸ್ತಿ ಆಗುತ್ತೆ. ಟಗರು ಮೇವು ಬಿಡುತ್ತೆ, ಹಲ್ಲು ಕಡಿಯುತ್ತೆ, ಮೆಲುಕು ನಿಲ್ಲುತ್ತೆ, ಬೇಧಿ, ಆಮೇಲೆ ಮಲಗಿಬಿಡುತ್ತೆ. ಶುರುವಿನಲ್ಲೇ ಗೊತ್ತಾದ್ರೆ ಕಾಳು ಪೂರ್ತಿ ನಿಲ್ಸಿ, ಒಣ ಹುಲ್ಲು ಮಾತ್ರ ಕೊಟ್ಟು, ಡಾಕ್ಟರಿಗೆ ಫೋನ್ ಮಾಡಿ. ಅವರು ಹೇಳಿದಷ್ಟು ಅಡುಗೆ ಸೋಡ ನೀರಲ್ಲಿ ಕರಗಿಸಿ ನಿಧಾನಕ್ಕೆ ಕುಡಿಸಿ. ಮಲಗಿದ ಮೇಲೆ ದೇವರೇ ಗತಿ.

ನಾನು ಕಲೆಸೋ ತಿಂಡಿ 100 ಕೆ.ಜಿ.ಗೆ ಹೀಗಿದೆ:

ಮುಸುಕಿನ ಜೋಳದ ನುಚ್ಚು 40 ಕೆ.ಜಿ.
ಕಡ್ಲೆಕಾಯಿ ಹಿಂಡಿ 25
ಗೋಧಿ ಬೂಸಾ 20
ತೊಗರಿ ನುಚ್ಚು ಹೊಟ್ಟು 11
ಕುರಿ ಖನಿಜ ಮಿಶ್ರಣ 2
ಸುಣ್ಣಕಲ್ಲಿನ ಪುಡಿ 1
ಉಪ್ಪು 1

ಹಿಂಡಿಗೆ ಬೂಷ್ಟು ಹಿಡಿದಿದ್ರೆ ತಿಪ್ಪೆಗೆ ಹಾಕಿ, ಟಗರಿಗೆ ಹಾಕಬೇಡಿ. ಜೋಳ ಹಿಟ್ಟು ಮಾಡಿಸಬೇಡಿ, ನುಚ್ಚು ಸಾಕು. ಖನಿಜ ಮಿಶ್ರಣ ಕುರಿದೇ ತಗೊಳಿ. ಹಸುಗಳದ್ದರಲ್ಲಿ ತಾಮ್ರ ಜಾಸ್ತಿ, ಕುರಿಗೆ ತಾಮ್ರ ಜಾಸ್ತಿ ಆದ್ರೆ ವಿಷ. ಸುಣ್ಣಕಲ್ಲಿನ ಪುಡಿ ಯಾಕೆ ಅಂತ ಒಬ್ರು ಕೇಳಿದ್ರು. ಬೂಸಾ, ಜೋಳದಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ. ಅದು ಎರಡಕ್ಕೆ ಒಂದರ ಹಾಗೆ ಸುಣ್ಣ ಮೇಲಾಗಿರಬೇಕು. ಇಲ್ಲಾಂದ್ರೆ ಗಂಡು ಮರಿಗೆ ಮೂತ್ರದಲ್ಲಿ ಕಲ್ಲು ಕಟ್ಟುತ್ತೆ. ಬೀಜ ಒಡೆಸಿದ ಮರಿಗೆ ಇನ್ನೂ ಜಾಸ್ತಿ. ಮುಕ್ಕರೀತಾ ನಿಲ್ಲುತ್ತೆ, ತೊಟ್ಟು ತೊಟ್ಟು ಬೀಳುತ್ತೆ, ಹೊಟ್ಟೆಗೆ ಒದ್ಕೊಳುತ್ತೆ. ಕೊನೇ ವಾರ ಬರೀ ಕಾಳು ತುಂಬಿಸೋರ ಮನೇಲಿ ಇದನ್ನ ನೋಡಬೇಕು. ‘ಮಲಬದ್ಧತೆ’ ಅಂತ ಎಣ್ಣೆ ಕುಡಿಸ್ತಾ ಕೂತಿರ್ತಾರೆ.

ಇಷ್ಟು ತಿಂಡಿ ಆದ್ಮೇಲೂ ಹೊಟ್ಟೆ ತುಂಬೋದು ಮೇವಿನಿಂದಲೇ. 22 ಕೆ.ಜಿ. ಮರಿಗೆ 300 ಗ್ರಾಂ ತಿಂಡಿ ಜೊತೆ ಒಂದೂವರೆ ಕೆ.ಜಿ. ಹಸಿ ಮೇವು, ಕಾಲು ಕೆ.ಜಿ. ಒಣ ಮೇವು ಶುರುವಿಗೆ ಸಾಕು. ಗೊಂತಿಗೇಲಿ ಉಳೀಲಿಲ್ಲ ಅಂದ್ರೆ ಏರಿಸಿ. ಅಗಸೆ ಸೊಪ್ಪು, ಬೇಲಿಮೆಂತೆ, ಕಡ್ಲೆಕಾಯಿ ಬಳ್ಳಿ, ಹುರುಳಿ ಹೊಟ್ಟು ಯಾವುದಾದ್ರೂ ಆಗುತ್ತೆ. ರೇಷ್ಮೆ ಮಾಡೋರ ಮನೇಲಿ ಹುಳ ತಿಂದುಳಿದ ಹಿಪ್ಪುನೇರಳೆ ಕಡ್ಡಿ ಸೊಪ್ಪು ಸುಮ್ನೆ ಗುಂಡಿಗೆ ಹೋಗುತ್ತೆ, ಕೇಳಿ ತನ್ನಿ. ಆದ್ರೆ ಸೋಂಕಿನ ಪುಡಿ ಉದುರಿಸಿದ ತಟ್ಟೆಯದ್ದು ಬೇಡ. ನೀರು ಬೇಕಾದಾಗ ಕುಡಿಯೋ ಹಾಗೆ ಬಾನಿ ಯಾವಾಗ್ಲೂ ತುಂಬಿರಲಿ. ಕುರಿ ತಾನಾಗಿ ಕುಡಿದ ನೀರು ಮೂತ್ರದ ಕಲ್ಲಿಗೆ ಔಷಧಿ. ನಾವು ಗೊಟ್ಟದಲ್ಲಿ ಸುರಿದ ನೀರು ಬರೀ ಮೋಸ.

ಈ ವರ್ಷ ಒಂದು ಹೊಸ ಕಷ್ಟ ಇದೆ. ಹಬ್ಬ ಜೂನಿನಲ್ಲಿ ಇದ್ದಾಗ ಮುಂಗಾರು ಮಳೆಗೆ ಹಸಿ ಹುಲ್ಲು ಸಿಗ್ತಿತ್ತು. ಈಗ ಕೊನೇ ಎರಡು ತಿಂಗಳು ಅಂದ್ರೆ ಕಡು ಬೇಸಿಗೆ. ಬಿಸಿಲಿಗೆ ಟಗರು ತಿನ್ನೋದೇ ಕಡಿಮೆ ಮಾಡುತ್ತೆ. ತಿಂಡಿ ಬೆಳಿಗ್ಗೆ ಆರಕ್ಕೆ, ಸಂಜೆ ಹೊತ್ತು ಮುಳುಗಿದ ಮೇಲೆ ಹಾಕಿ. ಶೀಟಿನ ಕೊಟ್ಟಿಗೆ ಆದ್ರೆ ಮೇಲೆ ತೆಂಗಿನ ಗರಿ ಹೊದಿಸಿ. ಒಣ ಮೇವು ಈಗ್ಲೇ ಕೂಡಿಡಿ. ಏಪ್ರಿಲ್‌ನಲ್ಲಿ ಮೇವು ಹುಡ್ಕೋದು ಬೆಂಕಿ ಬಿದ್ದಾಗ ಬಾವಿ ತೋಡಿದಂಗೆ.

ಖರ್ಚಿನ ಲೆಕ್ಕ ಕೇಳ್ತೀರ. ದಿನಕ್ಕೆ ಸರಾಸರಿ 375 ಗ್ರಾಂ ತಿಂಡಿ ಹಿಡಿದ್ರೆ 120 ದಿನಕ್ಕೆ 45 ಕೆ.ಜಿ. ಕೆ.ಜಿ.ಗೆ 30 ರೂಪಾಯಿ ಆದ್ರೆ 1350. ಏರಿದ್ದು 12 ಕೆ.ಜಿ., ಅದೇ 450ರ ರೇಟಿಗೆ 5400. ಮೇವು, ಔಷಧಿ, ನಿಮ್ಮ ಕೈಕೆಲಸ ಕಳೆದ್ರೂ ಕೈಗೆ ಬರುತ್ತೆ. ಗಮನ ಇಟ್ಟು ನೋಡಿ, ಮೋಸದ 3 ಕೆ.ಜಿ.ಯಿಂದ ಸಿಗೋದೂ 1350, ನಿಜವಾದ 12 ಕೆ.ಜಿ. ಏರಿಸೋ ತಿಂಡಿಗೆ ಖರ್ಚೂ 1350. ಮೊದಲನೇದಕ್ಕೆ ಎಂಟು ದಿನದ ಗಡಿಬಿಡಿ ಸಾಕು, ಎರಡನೇದಕ್ಕೆ ನಾಲ್ಕು ತಿಂಗಳ ತಾಳ್ಮೆ ಬೇಕು. ನಮಗೆ ಕಡಿಮೆ ಇರೋದು ತಾಳ್ಮೆನೇ.

ಹದಿನೈದು ದಿನಕ್ಕೊಂದು ಸಲ ತೂಕ ಹಾಕಿ, ಬೆಳಿಗ್ಗೆ ತಿಂಡಿಗೆ ಮುಂಚೆ, ಬರಿ ಹೊಟ್ಟೆಲಿ. ಒಂದೂವರೆ ಕೆ.ಜಿ. ಏರಿರಬೇಕು. ಒಂದೇ ಕೆ.ಜಿ. ಏರಿದ್ರೆ ದಿನಕ್ಕೆ 67 ಗ್ರಾಂ ಬರ್ತಿದೆ ಅಂತ ಅರ್ಥ, ಈಗ್ಲೇ ಕಾರಣ ಹುಡುಕಿ. ಜಂತಾ, ಮೇವಾ, ಬಲವಾದ ಟಗರು ಪಕ್ಕದ್ದನ್ನ ತಳ್ಳಿ ತಿಂತಿದೆಯಾ ನೋಡಿ. ತೂಗು ಹಾಕೋ ಡಿಜಿಟಲ್ ತಕ್ಕಡಿ ಬೆಲೆ ಒಂದು ಟಗರಿನ ಕಾಲು ಭಾಗವೂ ಆಗಲ್ಲ. ಅದೂ ಬೇಡ ಅಂದ್ರೆ ಟೇಪು ತಗೊಳಿ. ಮುಂಗಾಲಿನ ಹಿಂದೆ ಎದೆಸುತ್ತು ಇಂಚಿನಲ್ಲಿ, ಭುಜದ ತುದಿಯಿಂದ ಬಾಲದ ಪಕ್ಕದ ಮೂಳೆವರೆಗೆ ಉದ್ದ ಇಂಚಿನಲ್ಲಿ. ಎದೆಸುತ್ತನ್ನ ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. 28 ಇಂಚು ಸುತ್ತು, 24 ಇಂಚು ಉದ್ದ ಇದ್ರೆ 28ಕ್ಕೂ ಸ್ವಲ್ಪ ಮೇಲೆ ಕೆ.ಜಿ. ಬರುತ್ತೆ. ಉಣ್ಣೆ ಒತ್ತಿ ಹಿಡಿದು ಅಳೀರಿ. ಇದು ಅಂದಾಜು, ಮಾರೋ ತೂಕ ಅಲ್ಲ. ಆದ್ರೆ ಏರ್ತಿದೆಯಾ ಇಲ್ವಾ ಅನ್ನೋದು ಗೊತ್ತಾಗುತ್ತೆ.

ಈಗ ನಾನು ಹೇಳಿದ ಬೇರೆ ದಾರಿ. ಒಂದೊಂದು ಊರಲ್ಲಿ ಹತ್ತು ಹದಿನೈದು ಜನ ಟಗರು ಕಟ್ಟಿರ್ತೀವಿ. ಎಲ್ಲರೂ ಸೇರಿ ಒಂದು ತಕ್ಕಡಿ ತರೋಣ. ಮಾರೋ ದಿನ ಬೆಳಿಗ್ಗೆ ಆರು ಗಂಟೆಗೆ, ರಾತ್ರಿಯಿಂದ ತಿಂಡಿ ಇಲ್ಲದ ಟಗರನ್ನ ಎಲ್ಲರ ಎದುರು ತೂಗಿ ಪುಸ್ತಕದಲ್ಲಿ ಬರೆಯೋಣ. ಹಿಂದಿನ ತಿಂಗಳುಗಳ ತೂಕವೂ ಅದೇ ಪುಸ್ತಕದಲ್ಲಿ ಇರಲಿ. ವ್ಯಾಪಾರಿ ಬಂದಾಗ ಪುಸ್ತಕ ಮುಂದಿಡೋಣ: ಇದು ಬರಿ ಹೊಟ್ಟೆ ತೂಕ, ಬೇಕಿದ್ರೆ ನೀನೇ ಇನ್ನೊಂದು ಸಲ ತೂಗು, ಕಳೆಯೋ ಮಾತು ಬೇಡ. ಟವೆಲ್ ಕೆಳಗೆ ಬೆರಳು ಹಿಡಿದು ಮಾಡೋ ವ್ಯಾಪಾರ ಎತ್ತಿನ ಜಾತ್ರೆಗೆ ಚೆನ್ನ. ಕೆ.ಜಿ. ಲೆಕ್ಕದ ವಸ್ತುಗೆ ಅದ್ಯಾಕೆ? ಮೊದಲ ವರ್ಷ ಒಪ್ಪದೇ ಹೋಗೋ ವ್ಯಾಪಾರಿನೂ ಇರ್ತಾನೆ, ಹೋಗ್ಲಿ. ಚಾಮರಾಜಪೇಟೆ ಮೈದಾನಕ್ಕೆ ಹೋಗೋ ಹೊತ್ತಿಗೆ ನೀರಿನ ಟಗರು ಲಾರಿಲೇ ಉಚ್ಚೆ ಹೊಯ್ದು ಮೂರು ಕೆ.ಜಿ. ಇಳಿದಿರುತ್ತೆ, ಡೊಕ್ಕೆ ಬಿದ್ದು ಜೋಲು ಮುಖ ಹಾಕಿ ನಿಂತಿರುತ್ತೆ. ನಮ್ಮದು ನಿಂತ ಹಾಗೇ ನಿಂತಿರುತ್ತೆ. ಆ ವ್ಯತ್ಯಾಸ ದುಡ್ಡು ಹಾಕೋನಿಗೆ ಕಾಣದೇ ಇರಲ್ಲ.

ಕೊಳ್ಳೋರದ್ದೂ ಒಂದು ಮಾತು ಹೇಳಬೇಕು. ಕುರ್ಬಾನಿಗೆ ಕೊಡೋ ಪ್ರಾಣಿ ಕುಂಟಬಾರದು, ಕುರುಡಿರಬಾರದು, ರೋಗ ಇರಬಾರದು. ವಯಸ್ಸು ಆಗಿದೆಯಾ ಅಂತ ಹಲ್ಲು ನೋಡೇ ತಗೊಳ್ತಾರೆ. ಅವರು ವರ್ಷವಿಡೀ ದುಡ್ಡು ಕೂಡಿಟ್ಟು ದೇವರ ಹೆಸರಿಗೆ ತಗೊಂಡು ಹೋಗೋದನ್ನ, ಮಾಂಸದಲ್ಲಿ ಒಂದು ಪಾಲು ಬಡವರಿಗೆ ಹಂಚೋದನ್ನ, ನಾವು ಸೂಜಿ ಚುಚ್ಚಿ ನೀರು ತುಂಬಿಸಿ ಕೊಡೋದಾ? ನಮ್ಮ ಮಾರಿ ಹಬ್ಬಕ್ಕೆ ಯಾರಾದ್ರೂ ಹೀಗೆ ಕೊಟ್ಟಿದ್ರೆ ಊರು ಸುಮ್ನಿರ್ತಿತ್ತಾ? 34 ಕೆ.ಜಿ. ನಿಜವಾದ ಟಗರು ಕಡಿದ್ರೆ 15ರಿಂದ 17 ಕೆ.ಜಿ. ಮಾಂಸ ಕೂರಬೇಕು. ಕಡಿಯೋನ ತಕ್ಕಡಿಗೆ ಗೊಟ್ಟದ ನೀರು ಬರಲ್ಲ. ಮುಂದಿನ ವರ್ಷ ಅವರು ನಮ್ಮ ಸಂತೆ ಬಿಟ್ಟು ಬೇರೆ ಕಡೆ ಹೋದ್ರೆ ಯಾರನ್ನ ಬೈಯೋಣ?

ಗುರಿ ಮುಟ್ಟಲಿಲ್ಲ ಅಂದ್ರೂ ಮುಳುಗೋದೇನಿಲ್ಲ. 34 ಆಗಬೇಕಿದ್ದದ್ದು 31ಕ್ಕೆ ನಿಂತ್ರೆ 31ಕ್ಕೆ ಮಾರಿ, ಇಲ್ಲಾ ಉಳಿಸ್ಕೊಳಿ. ಪಿತೃಪಕ್ಷ ಇದೆ, ಆಯುಧ ಪೂಜೆ ಇದೆ, ಯುಗಾದಿ ಮಾರನೇ ದಿನದ ಹೊಸತೊಡಕು ಇದೆ. ನಮ್ಮ ಕಡೆ ಬಾಡು ಬೇಡ ಅನ್ನೋ ತಿಂಗಳು ಎಷ್ಟಿದೆ ಹೇಳಿ? 3 ಕೆ.ಜಿ. ಕಡಿಮೆ ಇರೋ ಬದುಕಿರೋ ಟಗರು ಯಾವತ್ತಿದ್ರೂ ದುಡ್ಡು.

ಇವತ್ತು ಮಾಡಬೇಕಾದ್ದು ಒಂದೇ. ನಾಳೆ ಬೆಳಿಗ್ಗೆ ಬರಿ ಹೊಟ್ಟೆಲಿ ನಿಮ್ಮ ಟಗರು ತೂಗಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ತಾರೀಖು, ತೂಕ ಬರೀರಿ. ಪಕ್ಕದಲ್ಲೇ ಎಷ್ಟು ಬೇಕು, ಎಷ್ಟು ದಿನ ಇದೆ ಅಂತ ಬರೀರಿ. ಭಾಗಾಕಾರ ಮಾಡಿ. ದಿನಕ್ಕೆ 150 ಗ್ರಾಂಗಿಂತ ಜಾಸ್ತಿ ಬಂದ್ರೆ ಗುರಿ ಇಳಿಸಿ, ಗೊಟ್ಟ ಎತ್ತಬೇಡಿ. ತಕ್ಕಡಿಗೆ ಯಾರು ಯಾರು ಸೇರ್ತೀರ ಅಂತ ಭಾನುವಾರದೊಳಗೆ ಹೇಳಿ, ನನ್ನ ಪಾಲು ನಾನು ಈಗ್ಲೇ ತೆಗೆದಿಟ್ಟಿದೀನಿ.